ಸೊಂಟ ಉಳುಕಿದರೂ ಕೆಲಸಕ್ಕೆ ಹೋಗು ಅನ್ನುವ ನಾಡಿನಿಂದ

ಕ್ಯಾಲಿಫೋರ್ನಿಯಾದ ಟ್ರೇಸಿ ಊರಿನ ಸುತ್ತ ಎತ್ತ ನೋಡಿದರೂ ಗೋದಾಮುಗಳು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಮನೆಗಳಿಗೆ ಹೋಗುವ ಎಷ್ಟೋ ಪೆಟ್ಟಿಗೆಗಳು ಇಲ್ಲೇ ಇಳಿದು, ಇಲ್ಲಿಂದಲೇ ಲಾರಿ ಹತ್ತುತ್ತವೆ. ಅವನ್ನು ಎತ್ತಿ ಇಳಿಸುವವರು ಸೊಂಟ, ಭುಜ, ಮಣಿಕಟ್ಟು ಹಿಡಿದುಕೊಂಡು ನಾನಿರುವ ಕ್ಲಿನಿಕ್ಕಿಗೆ ಬರುತ್ತಾರೆ. ನಾನು ಫಿಸಿಯೋಥೆರಪಿಸ್ಟ್, ದಾವಣಗೆರೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಇಲ್ಲಿಗೆ ಬಂದವಳು. ರೋಗಿಗಳಲ್ಲಿ ಮೆಕ್ಸಿಕೋ ಮೂಲದವರು ಹೆಚ್ಚು, ಪಂಜಾಬಿ ಟ್ರಕ್ ಡ್ರೈವರುಗಳು ಸಾಕಷ್ಟು, ಅಪರೂಪಕ್ಕೆ ಕನ್ನಡದವರು.

ಹಾಸನದ ಕಡೆಯ ಒಬ್ಬ ಹುಡುಗ ದಿನಸಿ ಅಂಗಡಿಯಲ್ಲಿ ಅಕ್ಕಿ ಚೀಲ ಎತ್ತುವಾಗ ಸೊಂಟ ಉಳುಕಿಸಿಕೊಂಡು ಬಂದಿದ್ದ. ಡಾಕ್ಟರು ಕೊಟ್ಟ ಚೀಟಿಯಲ್ಲಿ ರಜೆ ಇರಲಿಲ್ಲ. ಹತ್ತು ಪೌಂಡಿಗಿಂತ (ಸುಮಾರು ನಾಲ್ಕೂವರೆ ಕಿಲೋ) ಹೆಚ್ಚು ಎತ್ತಬಾರದು, ಪದೇ ಪದೇ ಬಗ್ಗಬಾರದು, ಒಂದೇ ಕಡೆ ಬಹಳ ಹೊತ್ತು ನಿಲ್ಲಬಾರದು, ನಾಳೆಯಿಂದಲೇ ಕೆಲಸಕ್ಕೆ ಹೋಗಬಹುದು ಎಂದಿತ್ತು. ಊರಲ್ಲಿರುವ ಅವನ ತಾಯಿ ಫೋನಿನಲ್ಲಿ ಬೇರೆಯೇ ಹೇಳಿದ್ದರು: 'ನೆಲದ ಮೇಲೆ ಚಾಪೆ ಹಾಕ್ಕೊಂಡು ಹದಿನೈದು ದಿನ ಅಲ್ಲಾಡದೆ ಮಲಕ್ಕೋ ಮಗಾ.' ಅವನು ನನ್ನನ್ನು ಕೇಳಿದ, 'ಅಕ್ಕಾ, ಇವರಿಗೆ ಕರುಣೆ ಅನ್ನೋದೇ ಇಲ್ವಾ? ನೋವಿರೋವಾಗ ಕೆಲಸಕ್ಕೆ ಕಳಿಸ್ತಾರಲ್ಲ.'

ಇಂಥ ತಾಯಂದಿರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಚೀಟಿಯ ಹಿಂದೆ ಇರುವುದು ಅನೇಕ ವರ್ಷಗಳ ಪರೀಕ್ಷೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರಸಭೆಯ ನೌಕರರ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಸೊಂಟ ಹಿಡಿದುಕೊಂಡಿದ್ದ 186 ಜನರಲ್ಲಿ ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ. ಮೂರನೆಯ ಗುಂಪಿಗೆ ಹೇಳಿದ್ದು, ನೋವು ಬಿಟ್ಟಷ್ಟರ ಮಟ್ಟಿಗೆ ನಿಮ್ಮ ನಿತ್ಯದ ಓಡಾಟ ಮಾಡಿಕೊಂಡಿರಿ ಅಂತ. ಬೇಗ ಚೇತರಿಸಿಕೊಂಡದ್ದು ಈ ಮೂರನೆಯವರು, ಎಲ್ಲರಿಗಿಂತ ನಿಧಾನವಾದದ್ದು ಮಲಗಿದವರು. ಎರಡೇ ದಿನಕ್ಕೆ ಹೀಗಾದರೆ ಹದಿನೈದು ದಿನದ ಚಾಪೆ ಏನು ಮಾಡೀತು? ಸ್ನಾಯು ಬಿಗಿಯುತ್ತದೆ, ಬಲ ಇಳಿಯುತ್ತದೆ. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಭಯ. ಮಲಗಿದಷ್ಟು ದಿನವೂ ಬಗ್ಗಿದರೆ ಏನೋ ಮುರಿಯುತ್ತದೆ ಎಂಬ ಭಯ ಬೆಳೆಯುತ್ತಲೇ ಹೋಗುತ್ತದೆ. ಸೊಂಟ ವಾಸಿಯಾದ ಎಷ್ಟೋ ದಿನದ ಮೇಲೂ ನೆಲದ ಪೆನ್ನು ಎತ್ತಿಕೊಳ್ಳಲು ಹೆದರುವ ಗಟ್ಟಿಮುಟ್ಟು ಆಳುಗಳನ್ನು ನಾನು ನೋಡಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ತಿಳಿವಳಿಕೆಗೆ ಕಾನೂನಿನ ಬಲವೂ ಇದೆ. ಕೆಲಸದಲ್ಲಿ ಗಾಯವಾದರೆ ತಪ್ಪು ಯಾರದೆಂದು ಕೇಳದೆ ಮಾಲೀಕರೇ ಚಿಕಿತ್ಸೆ ಕೊಡಿಸಬೇಕು, ಅದಕ್ಕೆ ಪ್ರತಿಯಾಗಿ ಕಾರ್ಮಿಕ ಸಾಮಾನ್ಯವಾಗಿ ಮಾಲೀಕರ ಮೇಲೆ ದಾವೆ ಹೂಡುವಂತಿಲ್ಲ ಎಂಬ ಒಪ್ಪಂದ 1913ರಿಂದ ಇದೆ. ಯಾವ ಗಾಯಕ್ಕೆ ಯಾವ ಚಿಕಿತ್ಸೆ ಎನ್ನುವುದಕ್ಕೆ ಸಂಶೋಧನೆಯನ್ನು ಆಧರಿಸಿದ ಮಾರ್ಗಸೂಚಿಯೇ ಸರಿ ಎಂದು ಮೊದಲು ನಂಬಬೇಕು, ಅಲ್ಲ ಎನ್ನುವವರು ಅದಕ್ಕಿಂತ ಬಲವಾದ ಪುರಾವೆ ತೋರಿಸಬೇಕು ಎಂಬ ನಿಯಮ 2004ರಲ್ಲಿ ಜಾರಿಗೆ ಬಂತು. ಸಾಮಾನ್ಯ ಸೊಂಟನೋವಿಗೆ ಮೊದಲ ಕೆಲವು ವಾರ ಎಕ್ಸ್‌ರೇ, ಎಂಆರ್‌ಐ ಬೇಡ ಎನ್ನುತ್ತದೆ ಆ ಮಾರ್ಗಸೂಚಿ. ನಮ್ಮವರಿಗೆ ಇದೂ ಕಸಿವಿಸಿ, ಸ್ಕ್ಯಾನ್ ಮಾಡಿಸದ ಡಾಕ್ಟರು ಎಂಥ ಡಾಕ್ಟರು ಅನ್ನುತ್ತಾರೆ. ಆದರೆ ನೋವೇ ಇಲ್ಲದ ನಡುವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ಡಿಸ್ಕ್ ಉಬ್ಬಿರುವುದು ಸಾಮಾನ್ಯವಾಗಿ ಕಾಣುತ್ತದೆ. ಆ ಚಿತ್ರ ನೋಡಿ 'ನನ್ನ ಬೆನ್ನು ಹಾಳಾಯ್ತು' ಎಂದುಕೊಂಡವರನ್ನು ಮತ್ತೆ ಬಗ್ಗಿಸುವುದು ಬಲು ಕಷ್ಟ.

ಚೀಟಿಯಲ್ಲಿರುವ ಮಿತಿಗೆ ಹೊಂದುವ ಕೆಲಸವನ್ನು ಇಲ್ಲಿ ಲೈಟ್ ಡ್ಯೂಟಿ ಅನ್ನುತ್ತಾರೆ. ಮಾಲೀಕರ ಬಳಿ ಅಂಥ ಕೆಲಸ ಇಲ್ಲದಿದ್ದರೆ ಕಾರ್ಮಿಕ ಮನೆಯಲ್ಲಿರುತ್ತಾನೆ, ಮಾಲೀಕರ ವಿಮೆಯಿಂದ ಸಂಬಳದ ಮೂರರಲ್ಲಿ ಎರಡು ಪಾಲು ಬರುತ್ತದೆ. ಅದಕ್ಕೊಂದು ಮೇಲ್ಮಿತಿ ಇದೆ, ಬಹುತೇಕ ಗಾಯಗಳಿಗೆ 104 ವಾರಗಳ ಗಡುವೂ ಇದೆ. ಲೈಟ್ ಡ್ಯೂಟಿ ಹೆಸರಲ್ಲಿ ಮನುಷ್ಯನನ್ನು ಒಂದು ಮೂಲೆಯಲ್ಲಿ ಕುರ್ಚಿ ಹಾಕಿ ಇಡೀ ಪಾಳಿ ಸುಮ್ಮನೆ ಕೂರಿಸುವ ಕಡೆಗಳೂ ಇವೆ. ಸೊಂಟನೋವಿನವನಿಗೆ ಎಂಟು ಗಂಟೆ ಕೂರುವುದು ಶಿಕ್ಷೆ. ಜೊತೆಗಾರರ ಕಣ್ಣಲ್ಲಿ ಸಣ್ಣವನಾಗುವುದು ಇನ್ನೂ ದೊಡ್ಡ ಶಿಕ್ಷೆ. ಇದನ್ನು ಕಂಡಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಹಾಸನದ ಹುಡುಗನ ಅಂಗಡಿಯವರು ಅವನನ್ನು ಚೀಲದಿಂದ ಬಿಡಿಸಿ, ಸರಕಿನ ಲೆಕ್ಕ ನೋಡುವುದಕ್ಕೂ ಮಸಾಲೆ ಪೊಟ್ಟಣ ಜೋಡಿಸುವುದಕ್ಕೂ ಹಾಕಿದರು. ಓಡಾಟ ಇತ್ತು, ಭಾರ ಇರಲಿಲ್ಲ. ವಾರ ಕಳೆದಂತೆ ನಾನು ಅವನ ಮಿತಿಯನ್ನು ಅಳೆದು ಕಳಿಸುತ್ತಿದ್ದೆ, ಡಾಕ್ಟರು ಅದನ್ನು ಮೇಲಕ್ಕೆ ಏರಿಸುತ್ತಿದ್ದರು.

ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ನಾನು ಹೊಸ ಸಹೋದ್ಯೋಗಿಗಳಿಗೆ ತಪ್ಪದೆ ಹೇಳುತ್ತೇನೆ. ನಾಲ್ಕು ವಾರಕ್ಕೂ ಹೆಚ್ಚು ಕೆಲಸ ತಪ್ಪಿದ್ದ ಬೆನ್ನುನೋವಿನ ಕಾರ್ಮಿಕರಲ್ಲಿ ಕೆಲವರಿಗೆ ಚಿಕಿತ್ಸೆಯ ಜೊತೆಗೆ ಅವರ ಕೆಲಸದ ಜಾಗವನ್ನೇ ಹೋಗಿ ನೋಡಿ, ಮೇಲ್ವಿಚಾರಕರನ್ನೂ ಕಾರ್ಮಿಕರನ್ನೂ ಕೂರಿಸಿಕೊಂಡು ಕೆಲಸದ ರೀತಿಯನ್ನು ಬದಲಿಸಿದರು. ಹೀಗೆ ಎರಡೂ ಸಿಕ್ಕವರು ಮಾಮೂಲಿ ಚಿಕಿತ್ಸೆಯವರಿಗಿಂತ 2.4 ಪಟ್ಟು ವೇಗವಾಗಿ ತಮ್ಮ ಹಳೆಯ ಕೆಲಸಕ್ಕೆ ಮರಳಿದರು. ಕೆಲಸದ ಜಾಗ ಬದಲಾಗದೆ ಮೈ ಮಾತ್ರ ರಿಪೇರಿ ಮಾಡಿ ಕಳಿಸಿದರೆ ಅದೇ ಚೀಲ, ಅದೇ ಎತ್ತರದ ಕಪಾಟು ಮತ್ತೆ ಅವನನ್ನು ನನ್ನ ಬಳಿಗೇ ತರುತ್ತವೆ.

ಎಲ್ಲವೂ ಚೆನ್ನಾಗಿದೆ ಎಂದು ನಿಮಗೆ ಹೇಳಲಾರೆ. ವಿಮೆಯವರ ಪರವಾಗಿ ಎಲ್ಲೋ ಕೂತ ವೈದ್ಯರು, ರೋಗಿಯನ್ನು ಒಮ್ಮೆಯೂ ಮುಟ್ಟದೆ, ಕಾಗದ ನೋಡಿಯೇ ಚಿಕಿತ್ಸೆಗೆ ಒಪ್ಪಿಗೆ ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ. ಫಿಸಿಯೋಥೆರಪಿಗೆ ಒಂದು ಗಾಯಕ್ಕೆ 24 ಭೇಟಿಗಳ ಮಿತಿ ಇದೆ, ಆಪರೇಷನ್ ಆದವರಿಗೆ ಬೇರೆ ಲೆಕ್ಕ. ನಿರಾಕರಿಸಿದರೆ 30 ದಿನದೊಳಗೆ ಸ್ವತಂತ್ರ ವೈದ್ಯಕೀಯ ಪರಿಶೀಲನೆ ಕೇಳಬಹುದು. 2013ರಿಂದ ಇರುವ ಈ ದಾರಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಸಲ ನಿರಾಕರಣೆಯೇ ಉಳಿಯುತ್ತದೆ. ಅದಕ್ಕೇ ಮೊದಲ ಕಾಗದವನ್ನೇ ಬಲವಾಗಿ ಬರೆಯಬೇಕು. 'ನೋವು ಸ್ವಲ್ಪ ಕಡಿಮೆ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ನೆಲದಿಂದ ಸೊಂಟದವರೆಗೆ 15 ಪೌಂಡ್ ಎತ್ತುತ್ತಿದ್ದವನು ಈಗ 25 ಎತ್ತುತ್ತಾನೆ, ಅವನ ಕೆಲಸಕ್ಕೆ 40 ಬೇಕು, ಆದ್ದರಿಂದ ಇನ್ನಷ್ಟು ಭೇಟಿ ಬೇಕು ಎಂದು ಬರೆಯುತ್ತೇನೆ. ಮಾರ್ಗಸೂಚಿ ಬರೆದವರು ನೋಡಿದ್ದು ಸಾವಿರಾರು ಜನರ ಸರಾಸರಿಯನ್ನು. ಎದುರಿಗಿರುವ ಒಬ್ಬನ ಮೈ ಬಗ್ಗೆ ಹೇಳಬೇಕಾದವರು ನಾವೇ.

ದಾವಣಗೆರೆ ಎಪಿಎಂಸಿಯ ಹಮಾಲರು ಆಗಾಗ ನೆನಪಾಗುತ್ತಾರೆ. ಹಣದ ವಿಷಯದಲ್ಲಿ ನಮ್ಮ ಇಎಸ್‌ಐ ಕ್ಯಾಲಿಫೋರ್ನಿಯಾಕ್ಕಿಂತ ಉದಾರಿ: ಕೆಲಸದ ಗಾಯದಿಂದ ತಾತ್ಕಾಲಿಕವಾಗಿ ಅಶಕ್ತರಾದವರಿಗೆ ಸಂಬಳದ 90 ಶೇಕಡಾ ಕೊಡುತ್ತದೆ. ಆದರೆ ಮೆಕ್ಕೆಜೋಳದ ಚೀಲ ಹೊರುವವರಲ್ಲಿ ನನ್ನ ಹತ್ತಿರ ಬರುತ್ತಿದ್ದವರಿಗೆ ಆ ಕಾರ್ಡೇ ಇರಲಿಲ್ಲ. ಕಾರ್ಡಿದ್ದ ಮಿಲ್ ಕಾರ್ಮಿಕರಿಗೂ ಸಿಗುತ್ತಿದ್ದುದು ರಜೆಯ ಚೀಟಿ, ಆಮೇಲೆ ಫಿಟ್ನೆಸ್ ಚೀಟಿ. ನಿನ್ನೆಯವರೆಗೆ ಮಲಗಿದ್ದವನು ಇವತ್ತು ಪೂರಾ ಭಾರಕ್ಕೆ ಹೆಗಲು ಕೊಡಬೇಕು. ಇವೆರಡರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸಕ್ಕೆ ಏರಿಸುವ ಕ್ರಮವನ್ನು ನಮ್ಮ ಕಾರ್ಖಾನೆಗಳು ಇಂದೇ ಶುರು ಮಾಡಬಹುದು, ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ.

ಇಲ್ಲಿನ ಕನ್ನಡದವರಲ್ಲಿ ಇನ್ನೊಂದು ಹೆದರಿಕೆ ಇದೆ. ಕೆಲಸದ ಗಾಯಕ್ಕೆ ವಿಮೆ ಕ್ಲೇಮ್ ಹಾಕಿದರೆ ವೀಸಾಕ್ಕೆ ತೊಂದರೆ ಆದೀತೆಂದು, ಮನೆಯಲ್ಲಿ ಬಿದ್ದೆ ಎಂದು ಡಾಕ್ಟರಿಗೆ ಹೇಳುತ್ತಾರೆ. ಗೋದಾಮಿನವರು ಮಾತ್ರವಲ್ಲ, ಕೀಬೋರ್ಡ್ ಬಡಿದು ಮಣಿಕಟ್ಟು ಜೋಮು ಹಿಡಿದ ಸಾಫ್ಟ್‌ವೇರ್‌ನವರೂ ಹಾಗೇ. ಈ ರಾಜ್ಯದ ಕಾನೂನಿನಲ್ಲಿ ವಲಸೆಯ ಸ್ಥಿತಿ ಏನೇ ಇರಲಿ, ಕೆಲಸದ ಗಾಯಕ್ಕೆ ರಕ್ಷಣೆ ಇದೆ. ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಸುಳ್ಳು ಹೇಳಿದ ಮೇಲೆ ಮಾತ್ರ ಕಾಗದದಲ್ಲಿ ಅದೇ ಉಳಿದು, ಮುಂದೆ ನಿಜ ಹೇಳಿದರೂ ನಂಬಿಸುವುದು ಕಷ್ಟ.

ಆದ್ದರಿಂದ ಮಗನೋ ಮಗಳೋ ಇಲ್ಲಿಂದ ಫೋನ್ ಮಾಡಿ ಕೆಲಸದಲ್ಲಿ ಸೊಂಟ ಹಿಡಿಯಿತು ಅಂದರೆ, ಮಲಗು ಅನ್ನಬೇಡಿ. ಮಾಲೀಕರಿಗೆ ಬರಹದಲ್ಲಿ ತಿಳಿಸಿದೆಯಾ, ಕ್ಲೇಮ್ ಫಾರ್ಮ್ ಕೊಟ್ಟರಾ ಅಂತ ಕೇಳಿ. ತಿಳಿಸಲು 30 ದಿನದ ಗಡುವಿದೆ. ಫಾರ್ಮ್ ತುಂಬಿ ಕೊಟ್ಟ ಮೇಲೆ, ಕ್ಲೇಮ್ ಇನ್ನೂ ಪರಿಶೀಲನೆಯಲ್ಲಿದ್ದರೂ 10,000 ಡಾಲರ್‌ವರೆಗಿನ ಚಿಕಿತ್ಸೆಯನ್ನು ವಿಮೆಯವರು ಕೊಡಿಸಲೇಬೇಕು. ಚೀಟಿಯಲ್ಲಿ ಎಷ್ಟು ಭಾರ ಬರೆದಿದ್ದಾರೆ, ಅಂಗಡಿಯವರು ಅದನ್ನು ಪಾಲಿಸುತ್ತಿದ್ದಾರಾ ಅಂತಲೂ ಕೇಳಿ. ಒಂದು ವೇಳೆ ಕಾಲಿನ ಬಲ ಇಳಿಯುತ್ತಿದೆ, ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲ ಅಥವಾ ತೊಡೆಸಂದಿನಲ್ಲಿ ಸ್ಪರ್ಶವೇ ತಿಳಿಯುತ್ತಿಲ್ಲ ಅಂದರೆ, ಬೇರೇನೂ ಕೇಳದೆ ಫೋನ್ ಇಡಿಸಿ ಆ ಕ್ಷಣವೇ ಎಮರ್ಜೆನ್ಸಿಗೆ ಕಳಿಸಿ.