ಒಂಬತ್ತು ಇಂಜೆಕ್ಟರ್ ಎಲ್ಲಿವೆ ತೋರಿಸಿ ಅಂದರು

2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆದದ್ದೇ ತಡ, ನಮ್ಮ ಕಾಲೇಜಿಗೂ ವಿಮಾನದ ಗೀಳು ಹತ್ತಿತು. ತಪಾಸಣಾ ಕಮಿಟಿ ಬರುವಷ್ಟರಲ್ಲಿ ಮೆಕ್ಯಾನಿಕಲ್ ಲ್ಯಾಬಿನಲ್ಲಿ 'ಏರೋಪ್ಲೇನಿಂದು ಏನಾದರೂ' ಇರಲೇಬೇಕು ಅಂತ ಮೇಲಿನಿಂದ ಅಪ್ಪಣೆ. ದುಡ್ಡು ಕೇಳಿದರೆ, ಕನ್ಸ್ಯೂಮೆಬಲ್ಸ್ ಹೆಡ್ಡಿನಲ್ಲೇ ಹೊಂದಿಸಿಕೊಳ್ಳಿ ಅಂದರು.

ಹುಡುಗರು ಆರಿಸಿದ್ದು ನೋಮ್ ಮೊನೊಸುಪಾಪ್. ಫ್ರಾನ್ಸಿನ ಸೆಗ್ಯಾಂ ಸಹೋದರರ ಕಂಪನಿಯ 1913ರ ರೋಟರಿ ಎಂಜಿನ್. 9 ಸಿಲಿಂಡರ್, 100 ಅಶ್ವಶಕ್ತಿ. ಇದರಲ್ಲಿ ನಡುವಿನ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ವಿಮಾನಕ್ಕೆ ಬಿಗಿದು ಕೂತಿರುತ್ತೆ, ಸಿಲಿಂಡರ್‌ಗಳೇ ಪ್ರೊಪೆಲರ್ ಜೊತೆ ಸುತ್ತುತ್ತವೆ. ಮಾಚೇನಹಳ್ಳಿಯ ಲೇತ್ ಶಾಪಿನಲ್ಲಿ ಶಾಫ್ಟಿನ ಉದ್ದಕ್ಕೂ ತೂತು ಕೊರೆಸಿದೆವು. ಶಾಫ್ಟಿನ ಸುತ್ತಲಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಅಕ್ರಿಲಿಕ್ಕಿನದು. ಪೆಟ್ರೋಲ್ ಬದಲು ಕೆಂಪು ಶಾಯಿ ಬೆರೆಸಿದ ನೀರು, ಅದನ್ನು ಬಿಡೋಕೆ ಆಸ್ಪತ್ರೆಯ ಡ್ರಿಪ್ ಸೆಟ್ಟು. ಚಕ್ರ ತಿರುವಿದಷ್ಟು ಹನಿ.

ಫ್ಲೆಕ್ಸ್ ಮಾತ್ರ ನಮ್ಮ ಕೈಯಲ್ಲಿರಲಿಲ್ಲ. 'ಒಂಬತ್ತು ಇಂಜೆಕ್ಟರ್‌ಗಳ ಅತ್ಯಾಧುನಿಕ ಫ್ಯುಯಲ್ ಇಂಜೆಕ್ಷನ್' ಅಂತ ದಪ್ಪಕ್ಷರ, ಪಕ್ಕದಲ್ಲಿ ಯಾವುದೋ ಡೀಸೆಲ್ ಕಾರಿನ ಕಾಮನ್ ರೈಲ್ ಫೋಟೋ. ಇಂಜೆಕ್ಟರ್ ಅಂದರೆ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಸಾಧನ. "ಸಾರ್, ಇದು ತಪ್ಪು" ಅಂದೆ. "ಬಿಲ್ ಪಾಸಾಗಿದೆ, ನೇತುಹಾಕ್ರೀ" ಅಂದರು ವಿಭಾಗದ ಮುಖ್ಯಸ್ಥರು, ನಮ್ಮ ಎಚ್‌ಓಡಿ.

ಕಮಿಟಿಯಲ್ಲಿ ಒಬ್ಬ ಹಿರಿಯರಿದ್ದರು. ಬೇರೆಯವರೆಲ್ಲ ಫೈಲ್ ನೋಡುತ್ತಿದ್ದರೆ ಇವರು ಕನ್ನಡಕ ಹಣೆಗೇರಿಸಿಕೊಂಡು ಮಾಡೆಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಒಂಬತ್ತು ಇಂಜೆಕ್ಟರ್ ಎಲ್ಲಿವೆ, ತೋರಿಸಿ."

ಪ್ರಿನ್ಸಿಪಾಲರು ಎಚ್‌ಓಡಿ ಮುಖ ನೋಡಿದರು. ಎಚ್‌ಓಡಿ ನನ್ನ ಮುಖ ನೋಡಿದರು. ನನ್ನ ಹಿಂದೆ ಇದ್ದದ್ದು ಗೋಡೆ.

"ಒಂದೂ ಇಲ್ಲ ಸಾರ್."

ಯಾರೂ ಉಸಿರೆತ್ತಲಿಲ್ಲ. ಸರಿ, ಬಾಯಿ ಬಿಟ್ಟಾಗಿದೆಯಲ್ಲ, ಪೂರ್ತಿ ಹೇಳಿಬಿಡೋಣ ಅಂತ ಶುರು ಮಾಡಿದೆ. ಸುತ್ತುವ ಸಿಲಿಂಡರಿಗೆ ಹೊರಗಿನಿಂದ ಪೈಪ್ ಕೊಡೋಕಾಗಲ್ಲ, ಅಲುಗಾಡದೆ ಇರೋದು ಶಾಫ್ಟ್ ಒಂದೇ. ಹಾಗಾಗಿ ಪೆಟ್ರೋಲು ಅದರ ಟೊಳ್ಳಿನೊಳಗಿಂದಲೇ ಬಂದು ಒಂದೇ ನಾಝಲ್ಲಿನಲ್ಲಿ ಕ್ರ್ಯಾಂಕ್‌ಕೇಸಿಗೆ ಬೀಳುತ್ತೆ. ಅಲ್ಲಿರೋ ಮಿಶ್ರಣ ಎಷ್ಟು ರಿಚ್ (ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ) ಅಂದರೆ ಅಷ್ಟಕ್ಕೇ ಬೆಂಕಿ ಹತ್ತಲ್ಲ. ಸಿಲಿಂಡರ್ ತಲೆಯಲ್ಲಿ ವಾಲ್ವ್ ಒಂದೇ, ಎಕ್ಸಾಸ್ಟಿನದು. ಹೊಗೆ ಹೋದಮೇಲೂ ಅದು ತೆರೆದೇ ಇದ್ದು, ಪಿಸ್ಟನ್ ಕೆಳಗಿಳಿಯುವಾಗ ಅದರಿಂದಲೇ ಗಾಳಿ ಒಳಗೆ ಬರುತ್ತೆ. ನಡುದಾರಿಯಲ್ಲಿ ವಾಲ್ವ್ ಮುಚ್ಚುತ್ತೆ, ಪಿಸ್ಟನ್ ಇನ್ನೂ ಇಳಿಯುತ್ತೆ, ಒಳಗೆ ಒತ್ತಡ ಕುಸಿಯುತ್ತೆ. ಅಷ್ಟರಲ್ಲಿ ಸಿಲಿಂಡರಿನ ಬುಡದ ತೂತುಗಳು, ಅಂದರೆ ಪೋರ್ಟುಗಳು, ಬಯಲಾಗಿ ಕ್ರ್ಯಾಂಕ್‌ಕೇಸಿನ ಮಿಶ್ರಣ ನುಗ್ಗಿ ಗಾಳಿಗೆ ಸೇರುತ್ತೆ. ನಮ್ಮ ಅಡಿಕೆ ತೋಟದ ಕಳೆ ಮಷಿನ್ನಿನ ಪೋರ್ಟುಗಳ ಹಾಗೇ. ಅದರಲ್ಲಿ ಕ್ರ್ಯಾಂಕ್‌ಕೇಸಿನ ಒತ್ತಡ ತಳ್ಳುತ್ತೆ, ಇದರಲ್ಲಿ ಸಿಲಿಂಡರ್ ಎಳ್ಕೊಳ್ಳುತ್ತೆ, ಅಷ್ಟೇ ವ್ಯತ್ಯಾಸ.

"ಥ್ರಾಟಲ್?"

"ಇಲ್ಲ ಸಾರ್. ಇಗ್ನಿಷನ್ ಕಟ್ ಮಾಡಿ ಮಾಡಿ ವೇಗ ತಗ್ಗಿಸ್ತಿದ್ರು. ಆಗಲೂ ಪೆಟ್ರೋಲ್ ಬರ್ತಾನೇ ಇದ್ರೆ ಉರಿಯದೆ ಹೊರಬಿದ್ದು ಕೌಲಿಂಗ್, ಅಂದ್ರೆ ಎಂಜಿನ್ನಿನ ಹೊದಿಕೆ, ಅದರ ಒಳಗೆ ಸೇರ್ಕೊಂಡು, ಮತ್ತೆ ಸ್ಪಾರ್ಕ್ ಕೊಟ್ಟಾಗ ಬೆಂಕಿ ಹತ್ತೋದೂ ಇತ್ತು."

ಅವರ ಕಣ್ಣು ಅರಳಿತು. "ಓಡಿಸಿ ನೋಡೋಣ."

ನಿಧಾನಕ್ಕೆ ಬಿಟ್ಟೆ. ಶಾಫ್ಟಿನ ತುದಿಯಿಂದ ಕೆಂಪು ಹನಿ ಹೊರಟು, ಅಕ್ರಿಲಿಕ್ಕಿನ ಗೋಡೆಗೆ ತಾಗಿ, ತೆಳ್ಳಗೆ ಹರಡಿ, ಒಂದೊಂದೇ ಪೋರ್ಟಿನತ್ತ ಹರಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹುರುಪು ಬಂದ ಪ್ರಿನ್ಸಿಪಾಲರು "ಇನ್ನೂ ಸ್ವಲ್ಪ ಜೋರಾಗಲಿ" ಅಂತ ಸ್ಪೀಡ್ ಕಂಟ್ರೋಲರಿನ ನಾಬ್ ತಾವೇ ತಿರುಗಿಸಿದರು. ದೊಡ್ಡವರು ಮಾಡೆಲ್ ಮುಟ್ಟಲ್ಲ ಅಂತ ನಾನು ಲೆಕ್ಕ ಹಾಕಿದ್ದೆ. ಹಿಂದಿನ ಸಂಜೆ ಜಾಯಿಂಟಿಗೆ ಬಳಿದ ಸಿಲಿಕೋನ್ ಅಂಟು, ಜುಲೈ ತಿಂಗಳ ಶಿವಮೊಗ್ಗದ ಹವೆ. ಇನ್ನೂ ಮೆತ್ತಗೇ ಇತ್ತು. ಮೊದಲು ಸೊರ್ ಅಂತ ಸದ್ದು. ನನ್ನ ಕೈ ಸ್ವಿಚ್ಚಿಗೆ ಹೋಗುವುದರೊಳಗೆ ಜಾಯಿಂಟ್ ಬಿಟ್ಟು, ಪ್ರಿನ್ಸಿಪಾಲರ ಬಿಳಿ ಶರ್ಟಿನ ಹೆಗಲಿನಿಂದ ಫ್ಲೆಕ್ಸಿನ ಮೂಲೆವರೆಗೆ ಒಂದೇ ಗೆರೆಯಲ್ಲಿ ಓಕುಳಿ ಬಿತ್ತು.

ಹಿರಿಯರು ಕನ್ನಡಕ ಒರೆಸುತ್ತ, "ಹರಳೆಣ್ಣೆ ಹಾಕಿದ್ರೆ ಪೂರ್ತಿ ಒರಿಜಿನಲ್ಲೇ ಆಗ್ತಿತ್ತಲ್ರೀ" ಅಂದರು. ನಿಜವೇ. ಪೆಟ್ರೋಲಿನಲ್ಲಿ ಅಷ್ಟು ಸುಲಭಕ್ಕೆ ಕರಗಲ್ಲ ಅಂತ ಆ ಎಂಜಿನ್ನಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಒಮ್ಮೆ ಒಳಗೆ ಹೋದ ಎಣ್ಣೆ ತಿರುಗಿ ಟ್ಯಾಂಕಿಗೆ ಬರುತ್ತಿರಲಿಲ್ಲ, ಎಕ್ಸಾಸ್ಟಿನ ಜೊತೆ ಹೊರಗೆ ಹಾರಿ ಪೈಲಟ್‌ಗಳ ಮುಖ ಮೈಗೆಲ್ಲ ಮೆತ್ತಿಕೊಳ್ಳುತ್ತಿತ್ತು.

ಕಮಿಟಿ ಹೋದ ಮಾರನೇ ದಿನ ನನಗೆ ಮೆಮೊ: 'ಪ್ರದರ್ಶನಕ್ಕೆ ಮುನ್ನ ಸುರಕ್ಷತಾ ಕ್ರಮ ಕೈಗೊಳ್ಳದಿರುವ ಬಗ್ಗೆ ವಿವರಣೆ ನೀಡುವುದು.' ಮಾಡೆಲ್ಲಿಗೆ ಅಡ್ಡ ಇಡುವ ರಕ್ಷಣಾ ಗಾರ್ಡಿಗೆ ಮೊದಲೇ ಹಾಕಿದ್ದ ಇಂಡೆಂಟಿನ (ಬೇಡಿಕೆ ಪತ್ರದ) ಜೆರಾಕ್ಸನ್ನೇ ಉತ್ತರವಾಗಿ ಲಗತ್ತಿಸಿದೆ. 'ಅಗತ್ಯವಿಲ್ಲ' ಅಂತ ಷರಾ ಬರೆದವರ ಸಹಿ ಅದರಲ್ಲೇ ಇತ್ತು. ಹೊಸದಾಗಿ ಸೇರುವ ಇನ್‌ಸ್ಟ್ರಕ್ಟರುಗಳೇ, ಇಂಡೆಂಟಿನ ಕಾಪಿ ಇಟ್ಟುಕೊಳ್ಳಿ. ತಿರುಗುವ ಸಾಮಾನಿನ ನಾಬ್ ಯಾರ ಕೈಗೂ ಎಟುಕದ ಹಾಗೆ ಇಡಿ, ಪ್ರಿನ್ಸಿಪಾಲರ ಕೈಗಂತೂ ಬೇಡವೇ ಬೇಡ.

ಗಾರ್ಡ್ ಆಮೇಲೆ ಬಂತು. ಅದರ ಬಿಲ್ ಇನ್ನೂ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಓಡಾಡುತ್ತಿದೆ, ಮೂರು ಕೊಟೇಷನ್ ಇಲ್ಲವಂತೆ.