ಕಾಫಿ ಕಣದಲ್ಲಿ ಗುರುವಿನ ಚಂದ್ರರು

ನಿನ್ನೆ ರಾತ್ರಿ ಮಡಿಕೇರಿಯಲ್ಲಿ ಮಂಜು ಇರಲಿಲ್ಲ. ಕಾಫಿ ಕಣದ ಕಟ್ಟೆ ಮೇಲೆ ಮೊಣಕೈ ಊರಿ ಬೈನಾಕ್ಯುಲರ್‌ನಲ್ಲಿ ಗುರು ಗ್ರಹ ನೋಡಿದೆ. ಪಕ್ಕದಲ್ಲೇ ಸಾಲಾಗಿ ಮೂರು ಚುಕ್ಕಿ, ಸಾಸಿವೆಗಿಂತ ಸಣ್ಣವು. ಗುರುವಿನ ಚಂದ್ರರು!

1610ರ ಜನವರಿಯಲ್ಲಿ ಗೆಲಿಲಿಯೋ ನೋಡಿದ್ದೂ ಇವನ್ನೇ. ಮೊದಲ ರಾತ್ರಿ ಅವನಿಗೂ ಮೂರೇ ಕಂಡಿದ್ದವು, ನಾಲ್ಕನೆಯದು ಕಂಡದ್ದು ಆಮೇಲೆ. ದಿನಾ ಬರೆದಿಟ್ಟುಕೊಂಡ. ಅವು ಜಾಗ ಬದಲಿಸುತ್ತಿದ್ದವು, ಗುರುವನ್ನೇ ಸುತ್ತುತ್ತಿದ್ದವು. ಎಲ್ಲವೂ ಭೂಮಿಯನ್ನೇ ಸುತ್ತುತ್ತದೆ ಅನ್ನೋ ನಂಬಿಕೆ ಅಲ್ಲೇ ಬಿರುಕು ಬಿಟ್ಟಿತು. ಭೂಮಿ ತಿರುಗುತ್ತದೆ ಎಂದದ್ದಕ್ಕೆ 1633ರಲ್ಲಿ ವಿಚಾರಣೆ, ಆಮೇಲೆ ಸಾಯುವವರೆಗೂ ಗೃಹಬಂಧನ. ಅಷ್ಟು ವಯಸ್ಸಾದವನನ್ನು ಮಂಡಿಯೂರಿಸಿ ತನ್ನ ಮಾತು ತಪ್ಪು ಅಂತ ಹೇಳಿಸಿದರಲ್ಲ, ನೆನೆದರೆ ಈಗಲೂ ಸಂಕಟ ಆಗುತ್ತದೆ.

ತುಲಾ ಸಂಕ್ರಮಣಕ್ಕೆ ತಪ್ಪದೆ ತಲಕಾವೇರಿಗೆ ಹೋಗಿ ತೀರ್ಥ ತರುವವರು ನಮ್ಮಜ್ಜಿ. ಅವರನ್ನೂ ಕರೆದೆ. "ಸೂರ್ಯ ತುಲಾ ರಾಶಿಗೆ ಹೋಗ್ತಾನೆ ಅಂತೀವಲ್ಲ ಅಜ್ಜಿ, ನಿಜಕ್ಕೂ ಸುತ್ತೋದು ನಾವು" ಅಂದೆ. ಬೇಜಾರಾಗ್ತಾರೇನೋ ಅಂತ ಒಳಗೊಳಗೇ ಅಳುಕಿತ್ತು.

ಅಜ್ಜಿ ತುಂಬಾ ಹೊತ್ತು ಬೈನಾಕ್ಯುಲರ್‌ನಿಂದ ಕಣ್ಣು ತೆಗೆಯಲೇ ಇಲ್ಲ. "ಅಲುಗಾಡದ ಹಾಗೆ ಹಿಡ್ಕೋ ಮಗ, ನಾಲ್ಕನೇದು ಎಲ್ಲಿದೆ ನೋಡ್ತೀನಿ" ಅಂದರು.