‘ನೀವು’ ಹೋಗಿ ‘ನೀನು’ ಬರುವ ಗಳಿಗೆ: ಜಪಾನಿನ ‘ದಿ ಬಾಯ್‌ಫ್ರೆಂಡ್’ ನೋಡುವ ಬಗೆ

ಜಪಾನಿನಲ್ಲಿ ಇಬ್ಬರು ಜೊತೆಯಾಗಿ ನಾಲ್ಕು ಸಲ ಊಟಕ್ಕೆ ಹೋದರು, ಸಿನಿಮಾ ನೋಡಿದರು ಅಂದಮಾತ್ರಕ್ಕೆ ಜೋಡಿ ಆಗುವುದಿಲ್ಲ. ಯಾರಾದರೊಬ್ಬರು ಬಾಯಿಬಿಟ್ಟು ‘ಸುಕಿ ದೆಸ್, ತ್ಸುಕಿಯತ್ತೆ ಕುದಸಾಯ್’ ಅನ್ನಬೇಕು. ನೀವಂದ್ರೆ ಇಷ್ಟ, ನನ್ನ ಜೊತೆಯಾಗಿ ಅಂತ ಅರ್ಥ. ಇದಕ್ಕೆ ಕೊಕುಹಾಕು ಎಂದು ಹೆಸರು. ಗಂಡು ಹೆಣ್ಣಿನ ನಡುವಿನ ಕೊಕುಹಾಕು ಜಪಾನಿನ ಟೀವಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಬಂದಿದೆ. ಗಂಡಸರ ನಡುವಿನ ಪ್ರೀತಿಗೇ ಮೀಸಲಾದ ಜಪಾನಿನ ಮೊದಲ ರಿಯಾಲಿಟಿ ಷೋ ಎಂದು ‘ದಿ ಬಾಯ್‌ಫ್ರೆಂಡ್’ ನೆಟ್‌ಫ್ಲಿಕ್ಸ್‌ಗೆ ಬಂದದ್ದು 2024ರ ಜುಲೈ 9ಕ್ಕೆ. ಆ ಮೊದಲ ಸೀಸನ್ ಒಟ್ಟು 10 ಕಂತು.

ಕಡಲ ದಂಡೆಯ ಒಂದು ಮನೆ, ಹೆಸರು ‘ಗ್ರೀನ್ ರೂಮ್’. 22ರಿಂದ 36ರ ವಯಸ್ಸಿನ ಒಂಬತ್ತು ಮಂದಿ, ಸುಮಾರು ಒಂದು ತಿಂಗಳ ವಾಸ. ಬಹುಮಾನ ಇಲ್ಲ, ವಾರಕ್ಕೊಬ್ಬರನ್ನು ಹೊರಗೆ ಹಾಕುವ ಪದ್ಧತಿಯೂ ಇಲ್ಲ. ಕೊಟ್ಟಿರುವುದು ಒಂದು ಕಾಫಿ ಗಾಡಿ. ಆ ದಿನದ ಸರದಿ ಯಾರದೋ ಅವರು ತಮಗೆ ಬೇಕಾದ ಇನ್ನೊಬ್ಬರನ್ನು ಜೊತೆಗೆ ಆರಿಸಿಕೊಂಡು ಹೋಗಿ ಕಾಫಿ ಮಾರಿ ಬರಬೇಕು.

ಇಡೀ ಕಾರ್ಯಕ್ರಮದ ಜೀವ ಇರುವುದು ಈ ಗಾಡಿಯಲ್ಲಿ. ಮೇಣದಬತ್ತಿ ಹಚ್ಚಿದ ಮೇಜಿಗೆ ಇಬ್ಬರನ್ನು ಕೂರಿಸಿದರೆ ಮಾತು ಬತ್ತಿದ ಕೂಡಲೇ ಮುಜುಗರ ಶುರು. ಗಾಡಿಯೊಳಗೆ ಕೈಗೆ ಕೆಲಸ ಇರುತ್ತದೆ, ಕಣ್ಣಿಗೆ ಗಿರಾಕಿ ಇರುತ್ತಾರೆ. ಮೊಣಕೈಗೆ ಮೊಣಕೈ ತಾಗುವಷ್ಟು ಕಿರಿದಾದ ಜಾಗದಲ್ಲಿ ಸುಮ್ಮನಿದ್ದರೂ ಅದು ಸಹಜವೇ. ಮನೆಯಲ್ಲಿ ಗಂಟಲಲ್ಲೇ ಉಳಿದ ಪ್ರಶ್ನೆ ಇಲ್ಲಿ ಹೊರಬರುತ್ತದೆ: ಹಿಂದಿನ ಸಂಬಂಧ ಯಾಕೆ ಮುರಿಯಿತು, ಅಪ್ಪ ಅಮ್ಮನಿಗೆ ಹೇಳಿದ್ದೀರಾ. ಎಡವಟ್ಟಾಗುವುದೂ ಇದರಿಂದಲೇ. ಆರಿಸುವುದು ಎಲ್ಲರ ಕಣ್ಣೆದುರೇ ನಡೆಯುತ್ತದೆ. ತನ್ನ ಹೆಸರು ಬರಬಹುದು ಎಂದುಕೊಂಡಿದ್ದವನು ಆ ಹಗಲು ಪೂರ್ತಿ ಮನೆಯಲ್ಲಿ ಉಳಿದವರ ಜೊತೆ ಕಳೆಯಬೇಕು. ಅವನ ಮುಖವನ್ನು ಕ್ಯಾಮೆರಾ ಬಿಡುವುದಿಲ್ಲ. ಹಾಗಾಗಿ ಗಾಡಿ ಹೊರಟ ಮೇಲೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಗಾಡಿಯಷ್ಟೇ ಗಮನವಿಟ್ಟು ನೋಡಿ.

ನೋಡುವಾಗ ಡಬ್ಬಿಂಗ್ ಬೇಡವೇ ಬೇಡ. ಧ್ವನಿ ಜಪಾನೀಯಲ್ಲೇ ಇರಲಿ, ಕೆಳಗೆ ಸಬ್‌ಟೈಟಲ್ ಹಾಕಿಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲ್ ಎಲ್ಲವನ್ನೂ ‘ಯೂ’ ಎಂಬ ಒಂದೇ ಮಾತಿಗೆ ಇಳಿಸಿಬಿಡುತ್ತದೆ. ಕನ್ನಡದ ಕಿವಿಗೆ ಮಾತ್ರ ಅಸಲಿ ವಿಷಯ ಹಿಡಿಯುವುದು ಸುಲಭ, ಯಾಕೆಂದರೆ ನಮ್ಮಲ್ಲೂ ನೀವು–ನೀನು ಇದೆ. ವಾಕ್ಯದ ಕೊನೆಗೆ ‘ದೆಸ್’, ‘ಮಸ್’ ಕೇಳಿಸಿದರೆ ಅದು ‘ನೀವು’ ಇದ್ದ ಹಾಗೆ. ಅದು ಕಳಚಿ ಬಿದ್ದರೆ ‘ನೀನು’. ಹೆಸರಿನ ಬಾಲವನ್ನೂ ಗಮನಿಸಿ: ‘ಸಾನ್’ ಗೌರವಕ್ಕೆ, ‘ಕುನ್’ ಸಲಿಗೆಗೆ, ‘ಚಾನ್’ ಮುದ್ದಿಗೆ. ಬರೀ ಹೆಸರು ಹಿಡಿದು ಕರೆದರೆ ತುಂಬಾ ಹತ್ತಿರ ಬಂದಂತೆ. ಒಬ್ಬನೇ ಮನುಷ್ಯ ಒಬ್ಬರೊಡನೆ ‘ಮಸ್’ ಬಿಟ್ಟು ಇನ್ನೊಬ್ಬರೊಡನೆ ಉಳಿಸಿಕೊಂಡರೆ ಮನಸ್ಸು ಎತ್ತ ವಾಲುತ್ತಿದೆ ಎಂದು ಕೊಕುಹಾಕುಗೆ ಮೊದಲೇ ಗೊತ್ತಾಗುತ್ತದೆ. ಮುನಿಸು ಬಂದಾಗ ‘ಮಸ್’ ಮರಳಿ ಬರುವುದೂ ಉಂಟು. ನಮ್ಮ ಮನೆಗಳಲ್ಲಿ ಜಗಳವಾದಾಗ ‘ಆಯ್ತು, ನೀವು ಹೇಳಿದ ಹಾಗೇ ಆಗಲಿ’ ಅನ್ನುವುದಿಲ್ಲವೇ, ಅದೇ.

22ರ ದಾಯ್ ಮತ್ತು 23ರ ಶುನ್ ನಡುವಿನದು ನಿಜವಾದ ಪ್ರೀತಿ ಎಂದು ನಾವು ನಂಬುವುದು ಅದು ಅಂದವಾಗಿದೆ ಎಂದಲ್ಲ, ಕಷ್ಟವಾಗಿದೆ ಎಂದು. ದಾಯ್‌ಗೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಬೇಕು. ಶುನ್ ಒಂದು ದಿನ ಹತ್ತಿರ ಬಂದು ಮರುದಿನ ಬಾಗಿಲು ಹಾಕಿಕೊಳ್ಳುತ್ತಾನೆ. ಕೊನೆಗೆ ಇಬ್ಬರೂ ಜೋಡಿಯಾಗಿಯೇ ಆ ಮನೆ ಬಿಡುತ್ತಾರೆ. ನಟನೆಯಾಗಿದ್ದರೆ ಇಷ್ಟು ಹೊತ್ತು ಇಷ್ಟು ತೊಡಕು ಯಾರೂ ಬರೆಯುತ್ತಿರಲಿಲ್ಲ.

ಪ್ರೀತಿಯ ಪಕ್ಕದಲ್ಲೇ ಕೋಳಿಯ ಜಗಳವೂ ಇದೆ. ಕ್ಲಬ್ಬುಗಳಲ್ಲಿ ಕುಣಿಯುವ ಗೋಗೋ ನರ್ತಕ ಉಸಾಕ್ ಮೈಕಟ್ಟಿಗಾಗಿ ಕೋಳಿ ಎದೆಮಾಂಸವನ್ನು ಮಿಕ್ಸಿಗೆ ಹಾಕಿ ಕುಡಿಯುತ್ತಾನೆ. ಅಡುಗೆಯ ದುಡ್ಡು ಮಾತ್ರ ಎಲ್ಲರದು. ಯಾರು ಹೇಳಬೇಕು, ನೋವಾಗದಂತೆ ಹೇಗೆ ಹೇಳಬೇಕು ಎಂದು ಉಳಿದವರು ತಲೆ ಕೆಡಿಸಿಕೊಳ್ಳುತ್ತಾರೆ. ಕೂಡು ಕುಟುಂಬ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲಿ ನಡೆದದ್ದನ್ನು ನೋಡುತ್ತ ಸ್ಟುಡಿಯೋದಲ್ಲಿ ಕೂತು ಮಾತಾಡುವ ಐವರಲ್ಲಿ, ಹೆಣ್ಣಿನ ವೇಷದಲ್ಲಿ ರಂಜಿಸುವ ಡ್ರ್ಯಾಗ್ ಕಲಾವಿದ ಡ್ಯೂರಿಯನ್ ಲೊಲ್ಲೊಬ್ರಿಜಿಡಾ ಅವರ ಮಾತು ತಪ್ಪಿಸಬೇಡಿ. ಉಳಿದವರು ಹೊರಗಿನಿಂದ ನೋಡಿ ಬೆರಗಾಗುವ ಕಡೆ, ಗೇ ಆಗಿ ಬದುಕಿದವರಿಗೆ ಅದು ಹೇಗೆ ತಟ್ಟುತ್ತದೆ ಎಂದು ಅವರು ಹೇಳಬಲ್ಲರು. ಜಪಾನಿನ ಟೀವಿಯಲ್ಲಿ ಗೇ ಎಂದರೆ ಬಹುಕಾಲ ನಗಿಸುವ ಪಾತ್ರ, ನಮ್ಮ ಸಿನಿಮಾಗಳ ಹಾಗೆಯೇ. 2017ರ ಸೆಪ್ಟೆಂಬರಿನಲ್ಲಿ ಕೂಡ ಫ್ಯೂಜಿ ಟಿವಿ ಅಂಥದೊಂದು ಹಳೆಯ ಪಾತ್ರವನ್ನು ವಿಶೇಷ ಕಾರ್ಯಕ್ರಮಕ್ಕೆ ಮತ್ತೆ ಕರೆತಂದಿತ್ತು. ಪ್ರತಿಭಟನೆ ಎದ್ದು ಆ ಚಾನೆಲ್‌ನ ಅಧ್ಯಕ್ಷರೇ ಕ್ಷಮೆ ಕೇಳಬೇಕಾಯಿತು.

ನೋಡಿ ಮುಗಿಸಿ, ಯಾರ ಮೇಲಾದರೂ ಸಿಟ್ಟು ಬಂದರೆ ಅವರ ಇನ್‌ಸ್ಟಾಗ್ರಾಮ್‌ಗೆ ಹೋಗಿ ಬರೆಯಬೇಡಿ. ‘ಟೆರೇಸ್ ಹೌಸ್’ ಎಂಬ ಜಪಾನಿನ ಇನ್ನೊಂದು ರಿಯಾಲಿಟಿ ಷೋನಲ್ಲಿದ್ದ ಕುಸ್ತಿಪಟು ಹಾನಾ ಕಿಮುರಾ ಆನ್‌ಲೈನ್ ಬೈಗುಳಗಳ ಸುರಿಮಳೆಗೆ ಸಿಕ್ಕಿ 2020ರ ಮೇ ತಿಂಗಳಲ್ಲಿ, 22ನೇ ವಯಸ್ಸಿಗೆ ತೀರಿಕೊಂಡರು. ಆಮೇಲೆ 2022ರಲ್ಲಿ ಜಪಾನ್ ಅವಮಾನದ ಅಪರಾಧಕ್ಕೆ ಒಂದು ವರ್ಷದವರೆಗಿನ ಸೆರೆ ಅಥವಾ 3 ಲಕ್ಷ ಯೆನ್‌ವರೆಗಿನ ದಂಡ ಎಂದು ಕಾನೂನು ಬಿಗಿ ಮಾಡಿತು.

ಇನ್ನು, ‘ಜಪಾನಿಗೆ ಬಂದರೆ ನಾವೂ ಹೀಗೆ ಜೊತೆಗಿರಬಹುದಾ’ ಎಂದು ಊರಿನಿಂದ ಕೇಳುವವರಿಗೆ. ಸಲಿಂಗ ಮದುವೆ ಇಲ್ಲೂ ಇಲ್ಲ. 2024ರ ಮಾರ್ಚ್‌ನಿಂದ 2025ರ ಮಾರ್ಚ್‌ವರೆಗೆ ಸಪ್ಪೊರೊ, ಟೋಕಿಯೋ, ಫುಕುವೋಕಾ, ನಗೋಯಾ, ಒಸಾಕಾ ಹೈಕೋರ್ಟುಗಳು ಮದುವೆ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದವು. 2025ರ ನವೆಂಬರ್‌ನಲ್ಲಿ ಟೋಕಿಯೋದ ಇನ್ನೊಂದು ಪೀಠ ಅದಕ್ಕೆ ಉಲ್ಟಾ ತೀರ್ಪು ಕೊಟ್ಟಿತು. ಇಬ್ಬರೂ ವಿದೇಶಿಯರಾಗಿದ್ದು ಅವರವರ ದೇಶದಲ್ಲಿ ಮದುವೆ ಊರ್ಜಿತವಾಗಿದ್ದರೆ, ಸಂಗಾತಿಗೆ ‘ನಿರ್ದಿಷ್ಟ ಚಟುವಟಿಕೆ’ ಎಂಬ ವೀಸಾ ಸಿಗುವ ದಾರಿ 2013ರಿಂದ ಇದೆ. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಮಾನ್ಯ ಮಾಡದೆ ಹೋದ್ದರಿಂದ ಇಬ್ಬರು ಭಾರತೀಯರಿಗೆ ಆ ಬಾಗಿಲು ಮುಚ್ಚಿದೆ. ಅವರವರ ಕೆಲಸದ ಅಥವಾ ಓದಿನ ವೀಸಾದಲ್ಲೇ ಬರಬೇಕು. ಬಂದ ಮೇಲೆ, ಇಬ್ಬರಲ್ಲಿ ಒಬ್ಬರಾದರೂ ಟೋಕಿಯೋದಲ್ಲಿ ವಾಸವಿದ್ದರೆ, ದುಡಿಯುತ್ತಿದ್ದರೆ ಅಥವಾ ಓದುತ್ತಿದ್ದರೆ ಇಬ್ಬರೂ ಬಾಳಸಂಗಾತಿಗಳು ಎಂದು ಹೇಳುವ ಮಹಾನಗರ ಸರ್ಕಾರದ ಪಾರ್ಟ್‌ನರ್‌ಷಿಪ್ ಪ್ರಮಾಣಪತ್ರಕ್ಕೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. 2022ರ ನವೆಂಬರ್‌ನಿಂದ ಇದು ನಡೆಯುತ್ತಿದೆ. ಆಸ್ತಿಯ ಹಕ್ಕು, ಸಂಗಾತಿಯ ವೀಸಾ ಅದರಿಂದ ಬರುವುದಿಲ್ಲ. ಸರ್ಕಾರಿ ವಸತಿಗೆ ಅರ್ಜಿ ಹಾಕುವಾಗ, ಆಸ್ಪತ್ರೆಯಲ್ಲಿ ‘ಇವರು ನಿಮಗೆ ಏನಾಗಬೇಕು’ ಎಂದು ಕೇಳಿದಾಗ ತೋರಿಸಲು ಕೈಯಲ್ಲೊಂದು ಕಾಗದ ಇರುತ್ತದೆ.